ಫಿಲೇಚರ್ ಗೋಡೆ

ಮದುವೆಯಾಗಿ ರಾಮನಗರಕ್ಕೆ ಬಂದ ಮೇಲೆ ನಾನು ಮೊದಲು ಕಲಿತ ಕೆಲಸ ಸುಣ್ಣಕ್ಕೆ ಅಂಟು ಬೆರೆಸುವುದು. ನನ್ನ ಗಂಡ ಗೋಡೆ ಬರೆಯುವವರು. ಬೀಡಿ, ಸೋಪು, ಹಸುವಿನ ಹಿಂಡಿ, ಟೂರಿಂಗ್ ಟಾಕೀಸಿನ ಹೊಸ ಆಟ, ಹೇಳಿದ್ದೆಲ್ಲ ಬರೆಯುತ್ತಿದ್ದರು. ಆದರೆ ಮನೆ ನಡೆಯುತ್ತಿದ್ದದ್ದು ಚುನಾವಣೆಗಳಿಂದ. ಆಗಿನ್ನೂ ಫ್ಲೆಕ್ಸ್ ಬಂದಿರಲಿಲ್ಲ. ಯಾರು ನಿಂತರೂ ಅವರ ಹೆಸರು, ಗುರುತು ಗೋಡೆಯ ಮೇಲೇ ಬರಬೇಕಿತ್ತು. ಬಡಗಿಗಳು ಮರಕ್ಕೆ ಹಾಕುವ ವಜ್ರದ ಅಂಟನ್ನು ಕುದಿಸಿ ಸುಣ್ಣದ ಡ್ರಮ್ಮಿಗೆ ಸುರಿಯಬೇಕು. ಅಂಟು ಕಡಿಮೆಯಾದರೆ ಗೋಡೆಗೆ ಒರಗಿದವರ ಬೆನ್ನೆಲ್ಲ ಬಿಳಿ. ಹೆಚ್ಚಾದರೆ ಬಿಸಿಲಿಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದೆ. ವಜ್ರ ಕುದಿಯುವ ವಾಸನೆ ತಾಳಲಾರದೆ ಅತ್ತೆ ಆ ಒಲೆಯನ್ನು ಹಿತ್ತಲಿಗೆ ಹಾಕಿಸಿದ್ದರು.

ನನ್ನ ತವರು ಚನ್ನಪಟ್ಟಣ. ಅಪ್ಪ ಗೊಂಬೆ ಕಡೆಯುತ್ತಿದ್ದರು, ನಾವು ಹೆಣ್ಣುಮಕ್ಕಳು ಗೊಂಬೆಗಳಿಗೆ ಕಣ್ಣು, ಮೀಸೆ, ಕುಂಕುಮ ಬರೆಯುತ್ತಿದ್ದೆವು. ಹಾಗಾಗಿ ಕುಂಚ ನನಗೆ ಹೊಸದಲ್ಲ. ಆದರೆ ಗೊಂಬೆ ಅಂಗೈಯಲ್ಲಿ ಕೂರುತ್ತದೆ. ಗೋಡೆ ಹಾಗಲ್ಲ. ಏಣಿಯ ಮೇಲಿದ್ದಾಗ ನೆಟ್ಟಗೆ ಕಂಡ ಗೆರೆ, ಇಳಿದು ರಸ್ತೆಯಾಚೆ ನಿಂತು ನೋಡಿದರೆ ಕುಡಿದವನ ಹಾಗೆ ಓಲಾಡುತ್ತಿರುತ್ತದೆ. ಗೆರೆ ಎಳೆಯುವುದು ಅವರು, ಒಳಗೆ ಬಣ್ಣ ತುಂಬುವುದು ನಾನು, ಹೀಗೆ ಶುರುವಾಯಿತು. ಮೊದಮೊದಲು ಸೀರೆ ಉಟ್ಟು ಏಣಿ ಹತ್ತಿದ್ದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಕೆಲವು ದಿನಗಳಲ್ಲಿ ಅವರಿಗೂ ಬೇಜಾರಾಯಿತು.

ಗಂಡನಿಗೆ ಒಬ್ಬ ಜೊತೆಗಾರರಿದ್ದರು. ಹಿಂದಿನ ಬೀದಿಯವರು, ಸಾಬರು, ಗಂಡನಿಗಿಂತ ಒಂದೆರಡು ವರ್ಷ ದೊಡ್ಡವರು. ಎಲ್ಲರೂ ಅವರನ್ನು ಭಾಯ್ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಇಬ್ಬರೂ ಹುಡುಗರಾಗಿದ್ದಾಗ ಬೆಂಗಳೂರಿನಲ್ಲಿ ಸಿನಿಮಾ ಬ್ಯಾನರ್ ಬರೆಯುವ ಒಬ್ಬ ಮೇಸ್ತ್ರಿಯ ಬಳಿ ಒಟ್ಟಿಗೇ ಕೆಲಸ ಕಲಿತವರು. ಒಂದೇ ಕೈಯಿಂದ ಕಲಿತದ್ದರಿಂದ ಇಬ್ಬರ ಅಕ್ಷರವೂ ಒಂದೇ ಥರ. 'ರ'ದ ಹೊಟ್ಟೆ ಒಸಿ ದಪ್ಪ, ತಲೆಕಟ್ಟು ತುದಿಯಲ್ಲಿ ಮೇಲಕ್ಕೆ ಎತ್ತಿದ ಹಾಗೆ. ಅಕ್ಷರ ನೋಡಿ ಇದು ಯಾರದು ಅಂತ ನನಗೂ ಹೇಳಲಾಗುತ್ತಿರಲಿಲ್ಲ. ಭಾಯ್‌ನ ಹೆಂಡತಿ ರೇಷ್ಮೆ ಬಿಚ್ಚುವ ಕೆಲಸ ಮಾಡುತ್ತಿದ್ದರು. ದಿನವಿಡೀ ಬಿಸಿನೀರಿನಲ್ಲಿ ಗೂಡು ತಿರುವಿ ಅವರ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿರುತ್ತಿದ್ದವು. ನಾನು ಅವರನ್ನು ಆಪಾ ಅನ್ನುತ್ತಿದ್ದೆ. ಅವರು ನನ್ನನ್ನು 'ಚನ್ನಪಟ್ನದೋಳು' ಅನ್ನುತ್ತಿದ್ದರು, ಕೊನೆಯವರೆಗೂ.

ಗಂಡ ಮತ್ತು ಭಾಯ್ ಎಲ್ಲ ಪಕ್ಷಗಳಿಗೂ ಬರೆಯುತ್ತಿದ್ದರು. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಚುನಾವಣೆ ಘೋಷಣೆಯಾದ ಕೂಡಲೇ ಎರಡೂ ಕಡೆಯವರು ಬರುತ್ತಿದ್ದರು. ಇವರಿಬ್ಬರೂ ಬಸ್ಸು ಹತ್ತಿ ಕನಕಪುರ, ಮಾಗಡಿ, ಸೋಲೂರು, ಕೋಡಿಹಳ್ಳಿ ಅಂತ ಹೊರಟರೆ ಮನೆಗೆ ಬರುವುದೇ ವಾರಕ್ಕೊಮ್ಮೆ. ನಮ್ಮ ಕಡೆ ಊರು ಅಂದರೆ ಎರಡು ಪಾರ್ಟಿ ಇದ್ದೇ ಇರುತ್ತದೆ. ಟೀ ಅಂಗಡಿಯೂ ಎರಡು, ಕ್ಷೌರದ ಅಂಗಡಿಯೂ ಎರಡು. ಗೋಡೆ ನೋಡಿದರೆ ಸಾಕು, ಒಳಗಿರುವವರು ಯಾವ ಕಡೆ ಅಂತ ಗೊತ್ತಾಗುತ್ತಿತ್ತು. ಸಾತನೂರಿನ ಹತ್ತಿರ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರು ಒಂದೇ ಮನೆಯನ್ನು ಪಾಲು ಮಾಡಿಕೊಂಡು ಬೇರೆಬೇರೆ ಪಕ್ಷದಲ್ಲಿದ್ದರು. ಬೀದಿ ಕಡೆಯ ಗೋಡೆ ಒಂದೇ. ನಾನೇ ದಾರ ಹಿಡಿದು ನಡುವೆ ಗೆರೆ ಹಾಕಿದೆ. ಅಣ್ಣನ ಅರ್ಧ ಗಂಡ ಬರೆದರು, ತಮ್ಮನ ಅರ್ಧ ಭಾಯ್ ಬರೆದರು. ಗೆರೆ ತನ್ನ ಕಡೆಗೆ ಎರಡು ಬೆರಳು ಬಂದಿದೆ ಅಂತ ತಮ್ಮ ಜಗಳ ತೆಗೆದ. ಇಬ್ಬರ ಹೆಂಡತಿಯರು ಒಂದೇ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನಗುತ್ತಿದ್ದರು. ಮಧ್ಯಾಹ್ನ ನಮಗೆ ಊಟ ಹಾಕಿದ್ದೂ ಅವರಿಬ್ಬರೇ, ಒಬ್ಬರು ಮುದ್ದೆ, ಇನ್ನೊಬ್ಬರು ಸಾರು.

ನಮ್ಮ ಬೀದಿ ಮತ್ತು ಭಾಯ್‌ನ ಬೀದಿಯ ನಡುವೆ ಇದ್ದದ್ದು ಫಿಲೇಚರ್ ಗೋಡೆ. ಹಿಂದೆ ಅಲ್ಲಿ ರೇಷ್ಮೆ ನೂಲು ತೆಗೆಯುವ ದೊಡ್ಡ ಶೆಡ್ ಇತ್ತು. ನಾನು ಬರುವ ಹೊತ್ತಿಗೆ ಶೆಡ್ ಮುಚ್ಚಿ, ಮಾಡು ಬಿದ್ದು, ಉದ್ದದ ಗೋಡೆಯೊಂದು ಮಾತ್ರ ಉಳಿದಿತ್ತು. ಅದರ ಈ ಮುಖ ನಮ್ಮ ಬೀದಿಗೆ, ಆ ಮುಖ ಸಾಬರ ಬೀದಿಗೆ. ಎರಡು ಬೀದಿಗೂ ಅದಕ್ಕಿಂತ ಒಳ್ಳೆಯ ಗೋಡೆ ಇರಲಿಲ್ಲ. ಬಸ್ಸಿಗೆ, ಗೂಡಿನ ಮಾರ್ಕೆಟ್ಟಿಗೆ ಹೋಗುವವರೆಲ್ಲ ಅದರ ಮುಂದೆಯೇ ಹೋಗಬೇಕು. ಎರಡು ಮುಖವನ್ನೂ ಇವರಿಬ್ಬರೂ ಒಟ್ಟಿಗೇ ನಿಂತು ಬರೆಯುತ್ತಿದ್ದರು, ಬೆಳಿಗ್ಗೆ ಇದು, ಮಧ್ಯಾಹ್ನದ ಮೇಲೆ ಅದು.

ಒಂದು ವರ್ಷ ಊರಲ್ಲಿ ಗಲಾಟೆಯಾಯಿತು. ಮೆರವಣಿಗೆಯೊಂದು ಯಾವ ರಸ್ತೆಯಲ್ಲಿ ಹೋಗಬೇಕು ಅನ್ನುವುದರಿಂದ ಶುರುವಾಗಿ ಕಲ್ಲು ಬಿದ್ದವು. ಒಂದೆರಡು ಅಂಗಡಿಗೆ ಬೆಂಕಿ ಬಿತ್ತು. ಕೆಲವು ದಿನ ಯಾರೂ ಬಾಗಿಲು ತೆಗೆಯಲಿಲ್ಲ. ಹಾಲು ಬರಲಿಲ್ಲ. ಮೂಲೆ ಮೂಲೆಯಲ್ಲಿ ಪೊಲೀಸರು ಬೆಂಚು ಹಾಕಿಕೊಂಡು ಕೂತರು. ಆಮೇಲೆ ಎಲ್ಲ ಸರಿಹೋಯಿತು ಅಂದರು, ಅಂಗಡಿಗಳು ತೆರೆದವು, ಗೂಡಿನ ಮಾರ್ಕೆಟ್ಟೂ ನಡೆಯಿತು. ಮಾರ್ಕೆಟ್ಟಿನಲ್ಲಿ ಹರಾಜು ಕೂಗುವಾಗ ಮಾತಾಡುತ್ತಿದ್ದ ಜನ ಬೀದಿಗೆ ಬಂದ ಮೇಲೆ ಮಾತಾಡುತ್ತಿರಲಿಲ್ಲ. ಆಪಾ ನಮ್ಮ ಮನೆಗೆ ಬರುವುದು ನಿಲ್ಲಿಸಿದರು. ನಾನೂ ಹೋಗಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಹೋಗುವಾಗ ನೋಡುವವರು ಇದ್ದರು, ಅಷ್ಟೇ.

ಅದಾದ ಕೆಲವೇ ತಿಂಗಳಿಗೆ ಪುರಸಭೆಯ ಚುನಾವಣೆ ಬಂತು. ನಮ್ಮ ಬೀದಿಯ ಮುಖಂಡರೊಬ್ಬರು ಮನೆ ಮುಂದೆ ಸ್ಕೂಟರ್ ನಿಲ್ಲಿಸಿ, ಇಳಿಯದೆಯೇ ಮಾತಾಡಿದರು.

"ನಮ್ ಕಡೆ ಗೋಡೆ ನೀನೊಬ್ನೇ ಬರೀಬೇಕು ಕಣಪ್ಪ. ಅವ್ನು ಬ್ಯಾಡ."

"ಇಷ್ಟು ದಿನ ಇಬ್ರೂ ಬರೀತಿದ್ವಲ್ಲ."

"ಇಷ್ಟು ದಿನದ್ದು ಬ್ಯಾರೆ. ಹುಡುಗ್ರು ಒಪ್ಪಾಕಿಲ್ಲ. ಆ ಕಡೇದು ಅವ್ನು ಬರ್ಕೊಳ್ಳಿ, ನಮಗ್ಯಾಕೆ?"

ಅದೇ ಸಂಜೆ ಭಾಯ್ ಮಾರ್ಕೆಟ್ಟಿನ ಹತ್ತಿರ ಸಿಕ್ಕಿ ತನಗೂ ಅವರ ಬೀದಿಯವರು ಇದನ್ನೇ ಹೇಳಿದ್ದಾರೆ ಅಂದರಂತೆ. ಇಬ್ಬರೂ ನಕ್ಕರಂತೆ. ಗಂಡ ಮನೆಗೆ ಬಂದು ಹೇಳುವಾಗ ನಗಲಿಲ್ಲ.

ಹೀಗೆ ಒಂದೇ ಗೋಡೆಯ ಎರಡು ಕಡೆ ಇಬ್ಬರೂ ಏಣಿ ಹಾಕಿದರು. ನಮ್ಮ ಕಡೆಯ ಅಭ್ಯರ್ಥಿಗೆ ಹೊಲಿಗೆ ಮೆಷೀನಿನ ಗುರುತು, ಆ ಕಡೆಯವರಿಗೆ ತಕ್ಕಡಿ. ಹೊಲಿಗೆ ಮೆಷೀನು ಬರೆಯುವುದು ಬಲು ಕಷ್ಟ. ಚಕ್ರ ಒಸಿ ಓರೆಯಾದರೂ ಕಲ್ಲು ಗಾಣದ ಹಾಗೆ ಕಾಣುತ್ತದೆ. ಎರಡನೇ ದಿನ ಇವರು ಮೇಲಿನ ಸಾಲು ಬರೆಯಲು ಏಣಿಯ ತುದಿಗೆ ಹೋದಾಗ ಆ ಕಡೆಯಿಂದ ಭಾಯ್‌ನ ತಲೆ ಕಾಣಿಸಿತು. ನಾನು ಕೆಳಗೆ ಏಣಿ ಹಿಡಿದಿದ್ದೆ.

"ಏನ್ಲಾ, ಮೆಷೀನು ಆಯ್ತಾ?" ಅಂದರು ಭಾಯ್.

"ಎಲ್ಲಿ ಆಯ್ತದೆ. ನಿಂದೇನು, ಒಂದ್ ಕಡ್ಡಿ, ಎರಡು ತಟ್ಟೆ. ಮಜಾ ಐತೆ ನಿಂಗೆ."

"ನೀಲಿ ಐತಾ ಒಸಿ? ನಂದು ಖಾಲಿ ಆಗ್ಬುಡ್ತು."

ನೀಲಿಯ ಡಬ್ಬ ಗೋಡೆಯ ಮೇಲಿಂದ ಆ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಎಲೆಅಡಿಕೆ ಈ ಕಡೆಗೆ ಬಂತು. ಕೆಳಗೆ ನಿಂತ ಹುಡುಗರು ನೋಡಿದರು. ಮೂರ್ನಾಲ್ಕು ದಿನ ಕೆಲಸ ಹೀಗೇ ನಡೆಯಿತು. ಇಬ್ಬರೂ ಬರೆದದ್ದು ಚೆನ್ನಾಗಿಯೇ ಬಂದಿತ್ತು. ಆದರೆ ಕೆಳಗಿಳಿದು ದೂರ ನಿಂತು ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವ ಹಾಗಿರಲಿಲ್ಲ. ಗಂಡನಿಗೆ ಅದೇ ಕೊರತೆಯಾಗಿತ್ತು. "ಸರಿಯಾಗೈತಾ ನೋಡೇ" ಅಂತ ನನ್ನನ್ನು ಕೇಳುತ್ತಿದ್ದರು. ಸರಿಯಾಗಿದೆ ಅಂದರೆ ನಂಬುತ್ತಿರಲಿಲ್ಲ.

ಮತದಾನಕ್ಕೆ ಇನ್ನು ಕೆಲವು ದಿನವಿದೆ ಅನ್ನುವಾಗ, ಒಂದು ಬೆಳಿಗ್ಗೆ ಆ ಕಡೆಯ ಮುಖದಲ್ಲಿ ತಕ್ಕಡಿಯ ಕೆಳಗೆ ಹೊಸದಾಗಿ ಒಂದು ಸಾಲು ಇತ್ತು. ಆ ಬೀದಿಯ ಹೆಂಗಸರ ಮೇಲೆ ಬರೆದ ಹೊಲಸು ಮಾತು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಕೆಂಪು ಬಣ್ಣ, ದೊಡ್ಡ ಅಕ್ಷರ. ಇದ್ದಿಲಲ್ಲಿ ಗೀಚಿದ್ದಾಗಿದ್ದರೆ ಯಾರೋ ಪೋಲಿಗಳು ಅನ್ನಬಹುದಿತ್ತು. ಇದು ಒಳ್ಳೆಯ ಅಕ್ಷರ. 'ರ'ದ ಹೊಟ್ಟೆ ದಪ್ಪ, ತಲೆಕಟ್ಟಿನ ತುದಿ ಮೇಲಕ್ಕೆ. ಊರಲ್ಲಿ ಹಾಗೆ ಬರೆಯುವವರು ಇಬ್ಬರೇ. ಒಬ್ಬರು ತಮ್ಮ ಬೀದಿಯ ಹೆಂಗಸರ ಮೇಲೆ ಹಾಗೆ ಬರೆಯುವುದಿಲ್ಲ. ಉಳಿದವರು ಯಾರು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಗೋಡೆಯಾಚೆ ಜನ ಸೇರಿದ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಅತ್ತೆ ಬಾಗಿಲು ಹಾಕಿ ಅಗಳಿ ಇಟ್ಟರು. ಸ್ವಲ್ಪ ಹೊತ್ತಿಗೆ ಯಾರೋ ಬಡಿದರು. ಕಿಟಕಿಯಿಂದ ನೋಡಿದರೆ ಭಾಯ್, ಒಬ್ಬರೇ. ನಾನೇ ಬಾಗಿಲು ತೆಗೆದೆ. ಯಾವಾಗಲೂ ಚಪ್ಪಲಿ ಬಿಟ್ಟು ಒಳಗೆ ಬರುವವರು ಅವತ್ತು ಹೊಸಿಲಿನಾಚೆಯೇ ನಿಂತರು.

"ನೀನ್ ಬರ್ದೇನ್ಲಾ?" ಅಂದರು ಗಂಡನಿಗೆ.

ಗಂಡ ಚಾಪೆಯ ಮೇಲೆ ಕೂತಿದ್ದವರು ಎದ್ದರು. "ಏನು?"

"ಒಂದೇ ಮಾತು ಕೇಳ್ತೀನಿ. ನೀನ್ ಬರ್ದೇನು?"

"ನೀನು ಬಂದು ನನ್ನ ಕೇಳ್ತಾ ಇದ್ದೀಯಾ ಇದ್ನ?"

"ಕೇಳ್ದೆ ಹೋದ್ರೆ ಒಳಗೊಳಗೇ ಅನುಮಾನ ಪಡ್ಬೇಕಾಯ್ತದೆ ಕಣ್ಲಾ. ಅದ್ಕೇ ಬಂದು ಕೇಳ್ದೆ. ಇಲ್ಲ ಅನ್ನು, ಹೊಂಟೋಯ್ತೀನಿ. ಅಲ್ಲಿ ಹೋಗಿ ಎಲ್ರಿಗೂ ಹೇಳ್ತೀನಿ."

ಗಂಡ ಇಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಅವರ ಮುಖ ನೋಡನೋಡುತ್ತಲೇ ಕಪ್ಪಿಟ್ಟಿತು. ತಿರುಗಿ ಹಿತ್ತಲಿಗೆ ಹೋಗಿಬಿಟ್ಟರು. ನಾನು, "ಇಲ್ಲ ಭಾಯ್, ರಾತ್ರಿ ಎಲ್ಲೂ ಹೋಗಿಲ್ಲ, ಮನೇಲೇ ಇದ್ರು" ಅಂದೆ. ಭಾಯ್ ನನ್ನ ಕಡೆ ನೋಡಿ, "ನೀನ್ ಹೇಳ್ತೀಯಮ್ಮ, ಅವ್ನು ಹೇಳ್ಬೇಕಿತ್ತು" ಅಂದು ಹೊರಟುಹೋದರು.

ಹಿತ್ತಲಲ್ಲಿ ಗಂಡ ಸುಣ್ಣದ ಡ್ರಮ್ಮಿನ ಮೇಲೆ ಕೂತಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು.

"ಇಲ್ಲ ಅನ್ನೋಕೆ ನಿಮಗೇನು ಬಂದಿತ್ತು?"

"ಅವ್ನು ಕೇಳ್ಬಾರ್ದಿತ್ತು."

"ಕೇಳಿದ್ರು. ನೀವು ಹೇಳ್ಬೋದಿತ್ತಲ್ಲ?"

"ಅವ್ನು ಕೇಳ್ಬಾರ್ದಿತ್ತು" ಅಂತ ಮತ್ತೆ ಅದನ್ನೇ ಹೇಳಿದರು.

ಹತ್ತು ಗಂಟೆಯ ಸುಮಾರಿಗೆ ಪೊಲೀಸರು ಬಂದು ಗಂಡನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಭಾಯ್‌ನನ್ನೂ ಕರೆಸಿದ್ದರಂತೆ. ಒಂದೇ ಬೆಂಚಿನ ಎರಡು ತುದಿಗೆ ಇಬ್ಬರೂ ಕೂತಿದ್ದರಂತೆ. ಹಾಳೆ ಕೊಟ್ಟು ಇಬ್ಬರ ಕೈಯಲ್ಲೂ ಬರೆಸಿ ನೋಡಿ, ಎರಡೂ ಒಂದೇ ಥರ ಇದೆಯಲ್ಲ ಅಂತ ಇನ್ಸ್‌ಪೆಕ್ಟರು ಹಾಳೆಯನ್ನು ಪಕ್ಕಕ್ಕಿಟ್ಟರಂತೆ. "ಯಾರು ಬರೆದ್ರೋ ಆಮೇಲೆ ನೋಡೋಣ. ಮಧ್ಯಾಹ್ನದ ನಮಾಜಿಗೆ ಜನ ಸೇರೋದರೊಳಗೆ ಅದು ಅಳಿಸಿರಬೇಕು" ಅಂದರಂತೆ. ಯಾರು ಅಳಿಸುವುದು? ಗಂಡ ಹೋಗಿ ಅಳಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ. ಭಾಯ್ ಅಳಿಸಿದರೆ, ಗೆಳೆಯನನ್ನು ಉಳಿಸಲು ಸಾಕ್ಷಿ ಅಳಿಸಿದ ಅಂತ ಅವರ ಬೀದಿಯವರೇ ಅನ್ನುತ್ತಾರೆ. ಪುರಸಭೆಯ ಕೆಲಸದವರು ಆ ಕಡೆ ಕಾಲಿಡಲು ಹೆದರಿದರು. ಇಬ್ಬರನ್ನೂ ಮನೆಗೆ ಕಳಿಸಿದರು, ಗೋಡೆ ಹಾಗೇ ಇತ್ತು.

ಗಂಡ ಬಂದು ಇದನ್ನೆಲ್ಲ ಹೇಳಿದಾಗ ನಾನು ಒಲೆ ಹಚ್ಚಿ ವಜ್ರ ಕಾಯಿಸಿದೆ. ಅತ್ತೆ, "ಎಲ್ಲಿಗೆ ಹೊಂಟೆ?" ಅಂದರು. ಹೇಳಿದೆ. "ನಿಂಗೆ ತಲೆ ನೆಟ್ಟಗೈತಾ?" ಅಂದರು. ಗಂಡ ಬೇಡ ಅನ್ನಲಿಲ್ಲ. ಡ್ರಮ್ಮಿನಿಂದ ಸುಣ್ಣ ಬಕೆಟ್ಟಿಗೆ ತುಂಬಿಕೊಟ್ಟರು.

ಬೀದಿಯ ತುದಿಯಲ್ಲಿ ಸುತ್ತಿಕೊಂಡು ಆ ಕಡೆಗೆ ಹೋದೆ. ಗೋಡೆಯ ಮುಂದೆ ಪೊಲೀಸರು ಇಬ್ಬರಿದ್ದರು, ದೂರದಲ್ಲಿ ಗಂಡಸರ ಗುಂಪು. ನನ್ನ ಕೈಯಲ್ಲಿ ಬಕೆಟ್ಟು, ಕುಂಚ ನೋಡಿ ಒಬ್ಬ ಹುಡುಗ ಏನೋ ಕೂಗಿದ. ಅಷ್ಟರಲ್ಲಿ ಆಪಾ ಮನೆಯಿಂದ ಹೊರಗೆ ಬಂದರು. ತಲೆಯ ಮೇಲೆ ಸೆರಗು ಎಳೆದುಕೊಂಡು ನೆಟ್ಟಗೆ ಗೋಡೆಯ ಹತ್ತಿರ ಬಂದು, ಆ ಗುಂಪಿನ ಕಡೆ ತಿರುಗಿ ಉರ್ದುವಿನಲ್ಲಿ ಜೋರಾಗಿ ಒಂದು ಮಾತು ಹೇಳಿದರು. ಏನಂದಿರಿ ಅಂತ ಆಮೇಲೆ ಕೇಳಿದೆ. "ಬರ್ದಿರೋದು ನಮ್ ಮೇಲೆ, ಅಳ್ಸೋದೂ ನಾವೇ, ನೀವು ಮನೇಗೆ ಹೋಗಿ ಅಂದೆ" ಅಂದರು. ಗುಂಪು ಹೋಗಲಿಲ್ಲ, ಆದರೆ ಮುಂದೆಯೂ ಬರಲಿಲ್ಲ.

"ಏಣಿ ಎಲ್ಲೇ, ಚನ್ನಪಟ್ನದೋಳೇ?" ಅಂದರು ನನಗೆ.

ಏಣಿ ತಂದಿರಲಿಲ್ಲ. ಅವರೇ ಮನೆಯಿಂದ ತರಿಸಿದರು. ಅವರು ಕೆಳಗೆ ಹಿಡಿದರು, ನಾನು ಹತ್ತಿದೆ. ಅಕ್ಷರಗಳಿಗೆ ಮುಖ ಕೊಟ್ಟು ನಿಂತಾಗ ನನಗೆ ಒಂದು ವಿಷಯ ಕಂಡಿತು. 'ರ'ದ ಹೊಟ್ಟೆಯಲ್ಲಿ ಎರಡು ಕಡೆ ಬಣ್ಣ ತೆಳುವಾಗಿತ್ತು, ಆಮೇಲೆ ಸಣ್ಣ ಕುಂಚದಲ್ಲಿ ತುಂಬಿದ ಹಾಗೆ. ಮುಂದಿನ ಅಕ್ಷರಗಳಲ್ಲಿ ಅದನ್ನೂ ತುಂಬಿರಲಿಲ್ಲ, ಕಡ್ಡಿಯಷ್ಟು ಅಗಲದ ಖಾಲಿ ಜಾಗ ಹಾಗೇ ಇತ್ತು. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟದೆ ದೂರ ದೂರ ಬಿದ್ದಿದ್ದವು. ಇದು ಕೈಯಲ್ಲಿ ಬರೆದದ್ದಲ್ಲ, ಅಚ್ಚು ಇಟ್ಟು ಬಣ್ಣ ಒತ್ತಿದ್ದು.

ಆ ಅಚ್ಚು ನಮ್ಮ ಮನೆಯಲ್ಲೇ ತಯಾರಾದದ್ದು. ಹಿಂದಿನ ಚುನಾವಣೆಯಲ್ಲಿ ಜೀಪು, ವ್ಯಾನುಗಳ ಮೇಲೆ ಬೇಗ ಬರೆಯಲಿ ಅಂತ ಗಂಡ ಮತ್ತು ಭಾಯ್ ಸೇರಿ ಆಸ್ಪತ್ರೆಯ ಹಳೇ ಎಕ್ಸ್‌ರೇ ಫಿಲ್ಮುಗಳಲ್ಲಿ ಅಕ್ಷರ ಕತ್ತರಿಸಿದ್ದರು. ಫಿಲ್ಮುಗಳನ್ನು ಬಿಸಿನೀರಲ್ಲಿ ತಿಕ್ಕಿ, ಯಾರ್ಯಾರದೋ ಪಕ್ಕೆಲುಬು, ಮೊಣಕಾಲುಗಳನ್ನು ಅಳಿಸಿಕೊಟ್ಟವಳು ನಾನು. ಒಳಗಿನ ತುಂಡು ಬಿದ್ದುಹೋಗದಿರಲಿ ಅಂತ ಅಲ್ಲಲ್ಲಿ ಸಣ್ಣ ಪಟ್ಟಿ ಬಿಟ್ಟು ಕತ್ತರಿಸುತ್ತಾರೆ. ಬಣ್ಣ ಹೊಡೆದ ಮೇಲೆ ಆ ಪಟ್ಟಿಯ ಜಾಗ ಖಾಲಿ ಉಳಿಯುತ್ತದೆ, ಅದನ್ನು ಕುಂಚದಲ್ಲಿ ಮುಚ್ಚಬೇಕು. ಆ ಅಚ್ಚಿನ ಪೆಟ್ಟಿಗೆಯನ್ನು ಒಂದು ಪಕ್ಷದ ಕಚೇರಿಗೆ ಕೊಟ್ಟಿದ್ದರು, ಅಲ್ಲಿಂದ ಇನ್ನೊಂದು ಪಕ್ಷದವರು ಇಸಕೊಂಡಿದ್ದರು. ಆಮೇಲೆ ಅದು ಎಲ್ಲಿ ಹೋಯಿತು ಅಂತ ಯಾರೂ ವಿಚಾರಿಸಿರಲಿಲ್ಲ.

ಏಣಿಯಿಂದ ಇಳಿದು ಆಪಾಗೆ ಹೇಳಿದೆ. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ತೋರಿಸಿದ ಕೂಡಲೇ ಅರ್ಥವಾಯಿತು. "ಇರು, ಅಳಿಸ್ಬ್ಯಾಡ" ಅಂದು ಹೋಗಿ ಭಾಯ್‌ನನ್ನು ಕರೆತಂದರು. ಭಾಯ್ ಏಣಿ ಹತ್ತಿ ಒಂದು ಖಾಲಿ ಜಾಗದ ಮೇಲೆ ಉಗುರಿಟ್ಟು ನೋಡಿದರು. ಇನ್ನೊಂದು ಅಕ್ಷರ ನೋಡಿದರು. ಇಳಿದು, ಪೊಲೀಸರನ್ನು ಕರೆದು ತೋರಿಸಿದರು. ಆಮೇಲೆ ಗುಂಪಿನಲ್ಲಿದ್ದ ಹಿರಿಯರಿಬ್ಬರನ್ನು ಕರೆದು, ಅವರೆದುರಿಗೆ, "ಇದು ಅವ್ನು ಬರೆದಿದ್ದಲ್ಲ. ಅಕ್ಷರ ನಮ್ದೇ, ನಂದೂ ಐತೆ ಅವಂದೂ ಐತೆ. ಯಾವನೋ ಅಚ್ಚು ಇಟ್ಟು ಒತ್ತವ್ನೆ" ಅಂದರು. ಹಿರಿಯರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ಒಬ್ಬರು ತಲೆಯಾಡಿಸಿದರು. ಇನ್ನೊಬ್ಬರು, "ಅಳಿಸಿಬಿಡಮ್ಮ, ಇನ್ನೆಷ್ಟು ಹೊತ್ತು ಇದನ್ನ ನೋಡೋದು" ಅಂದರು ನನಗೆ.

ಮೂರು ಕೋಟು ಹೊಡೆಯಬೇಕಾಯಿತು. ಕೆಂಪು ಬಣ್ಣ ಸುಣ್ಣದಲ್ಲಿ ಬೇಗ ಮುಚ್ಚುವುದಿಲ್ಲ, ಒದ್ದೆಯಿದ್ದಾಗ ಮರೆಯಾಗಿ ಒಣಗಿದ ಮೇಲೆ ಮತ್ತೆ ಗುಲಾಬಿಯಾಗಿ ಕಾಣಿಸಿಕೊಳ್ಳುತ್ತದೆ. ಎರಡನೇ ಕೋಟಿಗೆ ಆಪಾನೂ ಕುಂಚ ಹಿಡಿದರು. ಅವರ ಬಿಳಿಚಿದ ಬೆರಳಿಗೆ ಸುಣ್ಣ ತಾಗಿ ಉರಿಯಿತು, ಸೆರಗಿಗೆ ಒರೆಸಿಕೊಂಡು ಮತ್ತೆ ಹೊಡೆದರು. ತಕ್ಕಡಿಯೂ ಅರ್ಧ ಮುಚ್ಚಿಹೋಯಿತು. ಅದನ್ನು ಉಳಿಸಲಾಗುತ್ತದಾ ಅಂತ ಯಾರೂ ಕೇಳಲಿಲ್ಲ. ಮುಗಿದಾಗ ಅವರ ಮನೆಯ ಜಗಲಿಯಲ್ಲಿ ಕೂರಿಸಿ ಟೀ ಕೊಟ್ಟರು. ತಿಂಗಳುಗಟ್ಟಲೆ ಆದಮೇಲೆ ಅಲ್ಲಿ ಕೂತಿದ್ದು. ಏನು ಮಾತಾಡಿದೆವೋ ನೆನಪಿಲ್ಲ, ಅವರ ಎರಡನೇ ಮಗಳಿಗೆ ಜ್ವರ ಅಂತ ಏನೋ ಇರಬೇಕು.

ಪೊಲೀಸರು ಎರಡೂ ಕಚೇರಿಗಳಲ್ಲಿ ಕೇಳಿದರು. ಪೆಟ್ಟಿಗೆ ನಮ್ಮಲ್ಲಿಲ್ಲ ಅಂತ ಎರಡೂ ಕಡೆಯವರು ಹೇಳಿದರು. ಯಾರು ಮಾಡಿದ್ದು ಅಂತ ಕೊನೆಗೂ ಗೊತ್ತಾಗಲಿಲ್ಲ. ಈ ಪಕ್ಷದವರು ಆ ಪಕ್ಷದ ಕಡೆ, ಆ ಪಕ್ಷದವರು ಈ ಪಕ್ಷದ ಕಡೆ ಬೆರಳು ತೋರಿಸಿದರು. ತಮ್ಮ ಓಟು ಒಗ್ಗಟ್ಟಾಗಲಿ ಅಂತ ಆ ಕಡೆಯವರೇ ಮಾಡಿಸಿದ್ದು ಅನ್ನುವವರೂ ಇದ್ದರು. ಫಿಲೇಚರ್ ಗೋಡೆಯ ಎರಡು ಮುಖದಲ್ಲೂ ಯಾರೂ ಏನೂ ಬರೆಯಕೂಡದು ಅಂತ ಇನ್ಸ್‌ಪೆಕ್ಟರು ಹೇಳಿದರು. ಗಂಡ ಕಷ್ಟಪಟ್ಟು ಬರೆದ ಹೊಲಿಗೆ ಮೆಷೀನಿಗೂ ಸುಣ್ಣ ಬಿತ್ತು. ಆ ಚುನಾವಣೆಯಲ್ಲಿ ಊರಿನ ಎಲ್ಲ ಗೋಡೆಗಳೂ ತುಂಬಿದ್ದಾಗ ಇದೊಂದು ಬಿಳಿಯಾಗಿತ್ತು. ಮಕ್ಕಳು ಎರಡೂ ಕಡೆ ಇದ್ದಿಲಲ್ಲಿ ಮೂರು ಗೆರೆ ಎಳೆದು ಕ್ರಿಕೆಟ್ ಆಡಿದರು.

ಗಂಡ ಮಾತ್ರ ಕರಗಲಿಲ್ಲ. ಭಾಯ್ ಎಲ್ಲರೆದುರು ಹೇಳಿದ್ದನ್ನು ನಾನು ಬಂದು ಹೇಳಿದೆ. "ಅಚ್ಚು ನೋಡಿದ್ಮೇಲೆ ಹೇಳ್ದ. ನೋಡೋಕೆ ಮುಂಚೆ ಹೇಳ್ಬೇಕಿತ್ತು" ಅಂದರು. ಭಾಯ್ ಕೇಳಿದ್ದೂ ತಪ್ಪು ಅಂತ ನನಗೆ ಅನಿಸುವುದಿಲ್ಲ, ಗಂಡನಿಗೆ ನೋವಾದದ್ದೂ ಸುಳ್ಳಲ್ಲ. ಒಂದು ವರ್ಷಕ್ಕೂ ಮೇಲೆ ಇಬ್ಬರೂ ಬೇರೆಬೇರೆಯಾಗಿ ದುಡಿದರು. ಒಬ್ಬರೇ ಏಣಿ ಹೊತ್ತು, ಒಬ್ಬರೇ ಹತ್ತಿ, ಒಬ್ಬರೇ ಇಳಿದು ನೋಡಿ, ಕೆಲಸ ಅರ್ಧಕ್ಕರ್ಧ ನಿಧಾನ. ಗಂಡನ ಜೊತೆ ನಾನಿದ್ದೆ. ಭಾಯ್‌ಗೆ ಯಾರೂ ಇರಲಿಲ್ಲ.

ಒಂದು ದಿನ ಆಪಾ ಬಂದು, ಭಾಯ್‌ಗೆ ಕೋಡಿಹಳ್ಳಿಯ ಶಾಲೆಯ ಗೋಡೆಗೆ ದೊಡ್ಡ ಚಿತ್ರ ಬರೆಯುವ ಕೆಲಸ ಸಿಕ್ಕಿದೆ, ಬಣ್ಣ ತುಂಬಲು ಜನ ಬೇಕು, "ನಾನೂ ಹೋಗ್ತಾ ಇದ್ದೀನಿ, ನೀನೂ ಬರ್ತೀಯಾ?" ಅಂದರು. ಗಂಡ ಅಲ್ಲೇ ಕೂತು ಕುಂಚ ತೊಳೆಯುತ್ತಿದ್ದರು. ನಾನು ಅವರ ಮುಖ ನೋಡಿದೆ. ತಲೆ ಎತ್ತದೆಯೇ, "ಹೋಗು" ಅಂದರು. ಕನಕಪುರಕ್ಕೆ ಹೋಗಿ ಬಸ್ಸು ಬದಲಿಸಿ ನಾವು ಮೂವರೂ ಹೋದೆವು. ಓದು ಬರಹ ಕಲಿಯಿರಿ ಅನ್ನುವ ಸರ್ಕಾರದ ಗೋಡೆ. ಸ್ಲೇಟು ಹಿಡಿದ ಅಜ್ಜಿಯ ಚಿತ್ರ. ಅಜ್ಜಿಯ ಮುಖಕ್ಕೆ ಭಾಯ್ ನನ್ನನ್ನು ಬಿಟ್ಟರು. "ಕಣ್ಣು ನಿಂಗೆ ಚೆನ್ನಾಗಿ ಬತ್ತದೆ, ನೀನೇ ಇಡು" ಅಂದರು. ಅಷ್ಟು ದೊಡ್ಡ ಕಣ್ಣನ್ನು ನಾನು ಬರೆದದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಗಂಡ ಕೇಳಿದ್ದು ಒಂದೇ: "ತಲೆಕಟ್ಟು ಇನ್ನೂ ಹಂಗೇ ಎತ್ತುತಾನಾ?"

ಇಬ್ಬರೂ ಮತ್ತೆ ಸೇರಿದ್ದು ಮಾಗಡಿಯಲ್ಲಿ. ಸರ್ಕಾರಿ ಆಸ್ಪತ್ರೆಯ ಕಾಂಪೌಂಡಿಗೆ ಲಸಿಕೆ, ಬಾಣಂತಿ, ಸೊಳ್ಳೆ ಅಂತ ಉದ್ದಕ್ಕೂ ಬರೆಸಬೇಕಿತ್ತು. ಕಂಟ್ರಾಕ್ಟು ಹಿಡಿದವನಿಗೆ ಹಿಂದಿನ ಕತೆ ಗೊತ್ತಿರಲಿಲ್ಲ, ಕೆಲಸ ಬೇಗ ಮುಗಿಯಲಿ ಅಂತ ಇಬ್ಬರಿಗೂ ಹೇಳಿಕಳಿಸಿದ್ದ. ನಾವು ಬಸ್ಸಿಳಿದು ಹೋದಾಗ ಭಾಯ್ ಆಗಲೇ ಬಲತುದಿಯಲ್ಲಿ ಸುಣ್ಣ ಹೊಡೆಯುತ್ತಿದ್ದರು. ಗಂಡ ಒಂದು ಕ್ಷಣ ನಿಂತು, ಎಡತುದಿಗೆ ಹೋಗಿ ಚೀಲ ಇಳಿಸಿದರು. ನಾನು ನಡುವೆ ಕಲ್ಲಿನ ಒಲೆ ಹೂಡಿ ಇಬ್ಬರಿಗೂ ಸೇರಿಸಿ ಅಂಟು ಕಾಯಿಸಿದೆ.

ಮಧ್ಯಾಹ್ನದವರೆಗೂ ಮಾತಿಲ್ಲ. ಗೋಡೆ ಎರಡು ತುದಿಯಿಂದ ತುಂಬುತ್ತಾ ಬಂತು. ನಡುವಿನ ಕಂಬದ ಹತ್ತಿರ ಬಂದಾಗ ಗಂಡ ಬೆರಳಿಂದ ಸುಣ್ಣ ಮುಟ್ಟಿ ನೋಡಿ, ನನಗೋ ಯಾರಿಗೋ ಅನ್ನುವ ಹಾಗೆ, "ಅಂಟು ಜಾಸ್ತಿ ಆಗೈತೆ" ಅಂದರು.

"ಬೆಳಗ್ಗಿಂದ್ಲೂ ಜಾಸ್ತಿಯೇ ಐತೆ" ಅಂದರು ಭಾಯ್, ಏಣಿಯ ಮೇಲಿಂದ.

"ಹಂಗಾದ್ರೆ ಬೆಳಗ್ಗೆ ಹೇಳ್ಬಾರ್ದಾಗಿತ್ತೇನ್ಲಾ?"

"ನೀನ್ ಮಾತಾಡ್ತೀಯೋ ಇಲ್ವೋ, ನಂಗೇನ್ ಗೊತ್ತು?"

ನಾನು ನೀರು ಬೆರೆಸಿದೆ. ಊಟಕ್ಕೆ ಕೂತಾಗ ಗಂಡ ತಮ್ಮ ಬುತ್ತಿಯ ಚಟ್ನಿಯನ್ನು ಭಾಯ್ ಕಡೆಗೆ ತಳ್ಳಿದರು. ಕ್ಷಮೆ ಗಿಮೆ ಏನೂ ಆಗಲಿಲ್ಲ. ಆ ಗೋಡೆಯ ವಿಷಯವನ್ನು ನನಗೆ ತಿಳಿದ ಹಾಗೆ ಇಬ್ಬರೂ ಮತ್ತೆ ಎತ್ತಲಿಲ್ಲ. ಸಂಜೆ ಕೆಲಸ ಬಿಟ್ಟಾಗ ಇಬ್ಬರೂ ರಸ್ತೆಯಾಚೆ ಹೋಗಿ ನಿಂತು ಸುಮಾರು ಹೊತ್ತು ನೋಡಿದರು. ಗಂಡ ಸೊಳ್ಳೆಯ ಕಾಲು ಉದ್ದವಾಯಿತು ಅಂದರು. ಮರುದಿನ ಬೆಳಿಗ್ಗೆ ಭಾಯ್ ಅದನ್ನು ಚಿಕ್ಕದು ಮಾಡಿದರು.

ಆಮೇಲೆ ಹಲವು ವರ್ಷ ಒಟ್ಟಿಗೇ ಕೆಲಸ ಮಾಡಿದರು. ಗೋಡೆಗಳ ಮೇಲೆ ಪ್ರಚಾರ ಬರೆಯಬಾರದು ಅಂತ ಕಟ್ಟುನಿಟ್ಟಾದ ಮೇಲೆ ಚುನಾವಣೆಯ ಕೆಲಸ ಕಡಿಮೆಯಾಯಿತು. ಫ್ಲೆಕ್ಸ್ ಬಂದ ಮೇಲೆ ನಿಂತೇ ಹೋಯಿತು. ಗಂಡ ಆಟೋ, ಲಾರಿಗಳ ಹಿಂದೆ ಬರೆಯಲು ಶುರುಮಾಡಿದರು. ಭಾಯ್ ಒಂದು ಫ್ಲೆಕ್ಸ್ ಅಂಗಡಿಯಲ್ಲೇ ಕಟ್ಟುವ ಕೆಲಸಕ್ಕೆ ಸೇರಿದರು, ಬಿದಿರಿನ ಚೌಕಟ್ಟು ಕಟ್ಟಿ ಏರಿಸುವುದು. ಬೀದಿಗಳು ಪೂರ್ತಿ ಮೊದಲಿನ ಹಾಗಾಗಲಿಲ್ಲ. ಹಬ್ಬದಲ್ಲಿ ತಟ್ಟೆ ಕಳಿಸುವ ಕೆಲವು ಮನೆಗಳು ಉಳಿದವು, ಕೆಲವು ನಿಲ್ಲಿಸಿದವು. ಫಿಲೇಚರ್ ಜಾಗ ಮಾರಾಟವಾಗಿ, ಗೋಡೆ ಕೆಡವಿ, ಈಗ ಅಲ್ಲಿ ಎರಡು ಮಹಡಿಯ ಮದುವೆ ಛತ್ರ ಇದೆ. ಅದರ ಮುಂಬಾಗಿಲು ನಮ್ಮ ಬೀದಿಗಿದೆ, ಅಡಿಗೆಮನೆಯ ಬಾಗಿಲು ಆ ಬೀದಿಗಿದೆ. ಎರಡು ಕಡೆಯವರೂ ಅಲ್ಲಿ ಮದುವೆ ಮಾಡುತ್ತಾರೆ, ಬಾಡಿಗೆ ಹೆಚ್ಚು ಅಂತ ಎರಡು ಕಡೆಯವರೂ ಬೈಯುತ್ತಾರೆ. ಹೋದ ವರ್ಷ ಆಪಾರ ಮೊಮ್ಮಗಳ ಮದುವೆ ಅಲ್ಲೇ ಆಯಿತು, ನೋಡಲು ಆಪಾ ಇರಲಿಲ್ಲ. ಭಾಯ್‌ಗೆ ಕಣ್ಣು ಮಂದವಾಗಿದೆ. ಗಂಡ ಅವರನ್ನು ಕೈ ಹಿಡಿದು ಊಟದ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಬಿರಿಯಾನಿಗೆ ಉಪ್ಪು ಕಮ್ಮಿ ಅಂತ ಇಬ್ಬರೂ ಬಡಿಸುವವರ ಜೊತೆ ಜಗಳವಾಡಿದರು.